ಒಂದು ಜೇಡ ಒಯ್ದರೆ ಏನಾಯಿತು?

“ಒಂದು ತಗಂಡು ಹೋದ್ರೆ ಎಂತ ಆಗ್ತು ಮಾವ? ಒಂದು ಚೀಲದಲ್ಲೇ ನೂರು ಮರಿ ಇರ್ತು. ಮನೇಲಿ ಮರಿ ಮಾಡ್ಸಿದ್ರೆ ಜಾತಿನೂ ಉಳಿತು.”

ಶಿರಸಿ, ಸಿದ್ದಾಪುರ, ಯಲ್ಲಾಪುರದ ಧರೆಗಳಲ್ಲಿ ಜೇಡದ ಬಿಲ ಹುಡುಕುವ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಬೇಸತ್ತಿದ್ದೇನೆ. ಓದಿದವರು, ಪಟ್ಟಣದಲ್ಲಿ ಒಳ್ಳೆಯ ಕೆಲಸದಲ್ಲಿರುವವರು. ಕೋಣೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ತೆಂಗಿನ ನಾರಿನ ಪುಡಿ, ನೀರಿನ ಬಟ್ಟಲು, ಒಂದು ಟರಾಂಟುಲಾ. ಜೇಡವನ್ನು ಕಂಡರೆ ಪೊರಕೆ ಹುಡುಕುವವರಿಗಿಂತ ಇವರು ನನಗೆ ಎಷ್ಟೋ ಹತ್ತಿರದವರು. ಆ ಕಾರಣಕ್ಕೇ ಇವರ ತಪ್ಪು ತಿಳಿವಳಿಕೆ ಹೆಚ್ಚು ಕಾಡುತ್ತದೆ. ಹೆದರುವವನು ಒಂದು ಜೇಡವನ್ನು ಕೊಂದು ಸುಮ್ಮನಾಗುತ್ತಾನೆ. ಪ್ರೀತಿಸುವವನು ಧರೆಯನ್ನೇ ಬರಿದು ಮಾಡಿ, ತಾನು ಉಪಕಾರ ಮಾಡಿದೆನೆಂದು ನಂಬಿಕೊಳ್ಳುತ್ತಾನೆ.

ಹೆದರಿಕೆಯ ಮಾತುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಟರಾಂಟುಲಾ ಕಚ್ಚಿದರೆ ಮನುಷ್ಯ ಸಾಯುತ್ತಾನೆ ಎನ್ನುವುದು ಸುಳ್ಳು; ಹಾಗೆ ಸತ್ತದ್ದಕ್ಕೆ ದೃಢಪಟ್ಟ ದಾಖಲೆ ಇಲ್ಲ. ಆದರೆ ‘ಕಡಜ ಕಡಿದಷ್ಟೇ’ ಎಂದು ಸಾಕುವವರು ಹೇಳುವುದೂ ನಮ್ಮ ದೇಶದ ಮರಜೇಡಗಳ ಮಟ್ಟಿಗೆ ಸುಳ್ಳು. ಪೊಸಿಲೊಥೇರಿಯಾ ಕುಲದ ಜೇಡ ಕಚ್ಚಿ ದಿನಗಟ್ಟಲೆ ಸ್ನಾಯು ಸೆಳೆತದಿಂದ ನರಳಿದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಆಸ್ಟ್ರೇಲಿಯಾದಲ್ಲಿ ಟರಾಂಟುಲಾ ಕಚ್ಚಿ ನಾಯಿಗಳು ಸತ್ತಿವೆ. ಮೈಕೂದಲು ಉದುರಿಸಿ ತುರಿಕೆ ತರಿಸುವುದು ಅಮೆರಿಕ ಖಂಡಗಳ ಜಾತಿಗಳು, ನಮ್ಮವಕ್ಕೆ ಆ ಕೂದಲೇ ಇಲ್ಲ. ಅಂಗಾತ ಮಲಗಿದ ಜೇಡ ಸತ್ತಿಲ್ಲ, ಪೊರೆ ಬಿಡುತ್ತಿದೆ. ಎಸೆಯಬೇಡಿ, ಮುಟ್ಟಲೂ ಬೇಡಿ. ತಿಂಗಳುಗಟ್ಟಲೆ ಉಪವಾಸವಿದ್ದರೆ ಕಾಯಿಲೆಯೆಂದು ಗಾಬರಿಯಾಗುವುದೂ ಬೇಡ. ಅದು ಒಡೆಯನ ಗುರುತು ಹಿಡಿಯುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಕೈಮೇಲೆ ಓಡಾಡಿಸುವಾಗ ಎದೆಯೆತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ ಎಂಬುದಕ್ಕಂತೂ ಬೇಕಾದಷ್ಟಿದೆ.

ಈಗ ಆ ನೂರು ಮರಿಯ ಲೆಕ್ಕಕ್ಕೆ ಬರುತ್ತೇನೆ.

ನಮ್ಮ ಧರೆಯಲ್ಲಿರುವುದು ಯಾವ ಜೇಡ ಎಂಬುದರಿಂದಲೇ ಶುರು ಮಾಡಬೇಕು, ಏಕೆಂದರೆ ಟರಾಂಟುಲಾ ಎಂದರೆ ಮೆಕ್ಸಿಕೊದ್ದು, ಬ್ರೆಜಿಲ್ಲಿನದು ಎಂದೇ ಬಹಳ ಜನ ತಿಳಿದಿದ್ದಾರೆ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೋಕಾಕ್ 1899ರಲ್ಲಿ ಥ್ರಿಗ್ಮೋಪಿಯಸ್ ಎಂಬ ಕುಲವನ್ನು ಹೆಸರಿಸಿದರು. ಅದರ ಇನ್ಸಿಗ್ನಿಸ್, ಟ್ರಕ್ಯುಲೆಂಟಸ್ ಎಂಬ ಎರಡು ಜಾತಿಗಳೂ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉತ್ತರ ಕನ್ನಡದಲ್ಲಿ ಎರಡೂ ಇವೆ. ಟ್ರಕ್ಯುಲೆಂಟಸ್‌ಗೆ ಇಂಗ್ಲಿಷ್‌ನಲ್ಲಿ ‘ಕರ್ನಾಟಕ ಅರ್ಥ್ ಟೈಗರ್’ ಎಂದೇ ಹೆಸರು. 2009ರಲ್ಲಿ ಮಂಜು ಸಿಲಿವಾಲ್ ಮತ್ತು ಸಂಜಯ್ ಮೋಳೂರ್ ಅದನ್ನು ಮತ್ತೆ ಕೂಲಂಕಷವಾಗಿ ಪರಿಶೀಲಿಸಿ ಬರೆದರು. ರಸ್ತೆ ಬದಿಯ ಧರೆ, ಬೆಟ್ಟದ ಅಂಚಿನ ಮಣ್ಣಿನ ಗೋಡೆ ಇವುಗಳ ಜಾಗ. ಬಿಲದ ಒಳಗೆಲ್ಲ ರೇಷ್ಮೆಯ ಅಸ್ತರಿ. ಹಗಲಲ್ಲಿ ಪಕ್ಕದಲ್ಲೇ ಹಾದು ಹೋದರೂ ತಿಳಿಯುವುದಿಲ್ಲ. ರಾತ್ರಿ ಬ್ಯಾಟರಿ ಹಿಡಿದು ನೋಡಿದರೆ ಬಾಗಿಲಲ್ಲಿ ಮುಂಗಾಲು ಚಾಚಿ ಕೂತಿರುತ್ತದೆ.

ಟರಾಂಟುಲಾಗಳಲ್ಲಿ ಗಂಡು ಬೇಗ ಬಲಿತು ಬೇಗ ಸಾಯುತ್ತದೆ. ಕೊನೆಯ ಪೊರೆ ಬಿಟ್ಟ ಮೇಲೆ ಬಿಲ ತೊರೆದು, ಹೆಣ್ಣನ್ನು ಹುಡುಕುತ್ತ ಅಲೆದು, ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಮುಗಿಯುತ್ತದೆ. ಹೆಣ್ಣು ಹಾಗಲ್ಲ. ಬಲಿತ ಮೇಲೂ ಪೊರೆ ಬಿಡುತ್ತ, ಬೆಳೆಯುತ್ತ, ಒಂದೇ ಬಿಲದಲ್ಲಿ ವರ್ಷಾನುಗಟ್ಟಲೆ ಬಾಳುತ್ತದೆ. ಹತ್ತು ಹನ್ನೆರಡು ವರ್ಷ ಅನೇಕ ಜಾತಿಗಳಲ್ಲಿ ಸಾಮಾನ್ಯ. ಇಪ್ಪತ್ತು ದಾಟುವವೂ ಇವೆ.

ಒಂದು ಹೆಣ್ಣು ತನ್ನ ಬಾಳಿನಲ್ಲಿ ಐದು ಸಲ, ಸಲಕ್ಕೆ ನೂರರಂತೆ ಮೊಟ್ಟೆ ಇಟ್ಟಿತು ಎಂದುಕೊಳ್ಳೋಣ. ಒಟ್ಟು ಐನೂರು. ಆ ಐನೂರೂ ಉಳಿದಿದ್ದರೆ ನಮ್ಮ ಸೀಮೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಧರೆಯಲ್ಲಿ ಬಿಲಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಇದೆ ಎಂದಾದರೆ, ಐನೂರರಲ್ಲಿ ಬದುಕಿ ಬಲಿತು ಸಂತಾನ ಬಿಡುವುದು ಸರಾಸರಿ ಎರಡೇ. ಮಿಕ್ಕವು ಇರುವೆಗೆ, ಹಕ್ಕಿಗೆ, ಕಪ್ಪೆಗೆ, ಕಣಜಕ್ಕೆ, ಜಡಿಮಳೆಗೆ ಹೋಗುತ್ತವೆ. ಈಗ ನೀವು ಬಿಲದ ಬಾಯಿ ಅಗಲವಾಗಿದೆ, ಜೇಡ ದೊಡ್ಡದಿದೆ ಎಂದು ಆರಿಸಿ ಎತ್ತುವ ಹೆಣ್ಣು ಯಾವುದು? ಇದೆಲ್ಲವನ್ನೂ ದಾಟಿ ಬಂದ ಆ ಎರಡರಲ್ಲಿ ಒಂದು. ಅದನ್ನು ಒಯ್ದು, ಚೀಲದಲ್ಲಿ ನೂರು ಮರಿ ಇರುತ್ತದಲ್ಲ ಎನ್ನುವುದು, ಫಸಲು ಕೊಡುವ ಅಡಿಕೆ ಮರ ಕಡಿದು, ಬುಡದಲ್ಲಿ ಬಿದ್ದ ಗೋಟಡಿಕೆ ತೋರಿಸಿದ ಹಾಗೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಹಲವು ಜಾತಿಯ ಜೇಡದ ಮರಿಗಳು ರೇಷ್ಮೆಯ ಎಳೆ ಬಿಟ್ಟು ಗಾಳಿಯಲ್ಲಿ ತೇಲಿ ಮೈಲಿಗಟ್ಟಲೆ ಹೋಗುತ್ತವೆ. ಟರಾಂಟುಲಾ ಮರಿಗಳು ಬಹುಮಟ್ಟಿಗೆ ನಡೆದೇ ಹೋಗುತ್ತವೆ, ಹೆಚ್ಚು ದೂರ ಹೋಗುವುದೂ ಇಲ್ಲ. ಆದ್ದರಿಂದಲೇ ಒಂದು ಧರೆಯಲ್ಲಿ ಒತ್ತೊತ್ತಾಗಿ ಬಿಲಗಳಿದ್ದು, ಅಂಥದೇ ಮಣ್ಣಿರುವ ಆಚೆಯ ಧರೆಯಲ್ಲಿ ಒಂದೂ ಇಲ್ಲದಿರಬಹುದು. ಹೀಗಿರುವಾಗ ಒಂದು ಧರೆ ಬರಿದಾದರೆ ಪಕ್ಕದಿಂದ ಬಂದು ತುಂಬುವವರು ಯಾರು? ಹಿಡಿಯುವ ರೀತಿಯನ್ನಾದರೂ ನೋಡಿ. ಹುಲ್ಲುಕಡ್ಡಿಗೆ ಬರಲಿಲ್ಲವೆಂದರೆ ನೀರು ಹೊಯ್ಯುತ್ತಾರೆ. ನೀರಿಗೂ ಜಗ್ಗದಿದ್ದರೆ ಗುದ್ದಲಿ. ವರ್ಷಗಳ ಕಾಲ ನೇಯ್ದ ಬಿಲ ಹೋಯಿತು, ಅದರೊಳಗೆ ಮರಿಗಳಿದ್ದರೆ ಅವೂ ಹೋದವು.

“ಆದರೂ ಸಾಕಣೆಯಲ್ಲಿ ಜಾತಿ ಉಳಿಯುತ್ತದಲ್ಲ?” ಎಂದು ಮತ್ತೆ ಕೇಳುತ್ತಾರೆ. ಉದಾಹರಣೆಗೆ ಎತ್ತಿ ಹೇಳುವುದು ನೀಲಿ ಜೇಡವನ್ನು. ಸರಿ, ಅದರ ಕಥೆಯನ್ನೇ ನೋಡೋಣ. ಬಳ್ಳಾರಿಯ ಆಚೆ, ಆಂಧ್ರದ ಗುತ್ತಿ ಊರಿನ ರೈಲ್ವೆ ಮರದ ಕೊಟ್ಟಿಗೆಯಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ ಪೋಕಾಕ್ ಅದೇ 1899ರಲ್ಲಿ ಪೊಸಿಲೊಥೇರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುದ್ದಿಯಿಲ್ಲ. 2001ರಲ್ಲಿ ಕೆನಡಾದ ರಿಕ್ ವೆಸ್ಟ್ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಅದನ್ನು ಮತ್ತೆ ಕಂಡರು. ಸುದ್ದಿ ಹರಡಿದ್ದೇ ತಡ, ಕೆಲವೇ ವರ್ಷಗಳಲ್ಲಿ ಆ ಹೊಳೆವ ನೀಲಿ ಬಣ್ಣದ ಜೇಡ ಯುರೋಪು, ಅಮೆರಿಕದ ಸಾಕಣೆದಾರರ ಮನೆ ಸೇರಿತು. ಅಲ್ಲಿ ಅದನ್ನು ಸಾವಿರಗಟ್ಟಲೆ ಮರಿ ಮಾಡಿಸಿದರು. ಬೆಲೆ ಇಳಿಯಿತು, ಇಂದು ಸಾಕುವ ಹವ್ಯಾಸದಲ್ಲಿ ಅದೊಂದು ಮಾಮೂಲಿ ಜೇಡ. ಮರಿ ಮಾಡಿಸುವ ಕೌಶಲವನ್ನು ನಾನು ಅಲ್ಲಗಳೆಯುವುದಿಲ್ಲ. ಕಳಚಿದ ಪೊರೆಯಲ್ಲಿ ಹೆಣ್ಣು ಗಂಡು ಗುರುತಿಸುವುದು, ಕೂಡಿದ ಹೆಣ್ಣು ಮೊಟ್ಟೆ ಇಡುವ ಮುನ್ನವೇ ಪೊರೆ ಬಿಟ್ಟರೆ ಒಳಗಿಟ್ಟುಕೊಂಡ ವೀರ್ಯವೂ ಪೊರೆಯೊಡನೆ ಹೋಗುತ್ತದೆಂದು ತಿಳಿದು ದಿನ ನೋಡುವುದು, ಮೊಟ್ಟೆಚೀಲಕ್ಕೆ ಬೂಸ್ಟು ಬಾರದ ಹಾಗೆ ತೇವ ಕಾಯುವುದು, ಇವಕ್ಕೆಲ್ಲ ತಾಳ್ಮೆಯೂ ವಿದ್ಯೆಯೂ ಬೇಕು.

ಆದರೆ ಆ ಕಾಡಿನಲ್ಲಿ ಏನಾಯಿತು? 2008ರಲ್ಲಿ ನಿಸರ್ಗ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಮೆಟಾಲಿಕಾವನ್ನು ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿಸಿತು. ಅದಿರುವ ಕಾಡು ನೂರು ಚದರ ಕಿಲೋಮೀಟರಿಗಿಂತ ಕಡಿಮೆ. ಸೌದೆಗೆ ಮರ ಕಡಿಯುವುದು ಅದಕ್ಕೆ ಇರುವ ದೊಡ್ಡ ಅಪಾಯ. ಸಾಕಲು ಹಿಡಿದು ಸಾಗಿಸುವುದೂ ಅಪಾಯಗಳ ಸಾಲಿನಲ್ಲಿದೆ. ಪೊಟರೆಯಿರುವ ಹಳೆಯ ಮರ ಉಳಿಯದೆ ಜೇಡ ಉಳಿಯುವುದಿಲ್ಲ. ಜರ್ಮನಿಯ ಡಬ್ಬಿಯಲ್ಲಿ ಸಾವಿರ ಮರಿ ಹುಟ್ಟಿದರೂ ಅದರಿಂದ ನಂದ್ಯಾಲದಲ್ಲಿ ಒಂದು ಮರವೂ ಉಳಿಯಲಿಲ್ಲ.

ಆ ಮರಿಗಳನ್ನು ತಂದು ಕಾಡಿಗೆ ಬಿಡಬಹುದಲ್ಲ ಎನ್ನುವವರಿಗೆ ಮೆಕ್ಸಿಕೊದ ಕೆಂಪು ಮೊಣಕಾಲಿನ ಜೇಡದ ಪ್ರಸಂಗ ಹೇಳಬೇಕು. ಸಾಕುವ ಹುಚ್ಚಿಗೆ ಕಾಡಿನಿಂದ ಅದನ್ನು ಎಷ್ಟು ಸಾಗಿಸಿದರೆಂದರೆ 1985ರಲ್ಲೇ ಸೈಟಿಸ್ ಎಂಬ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ದಶಕಗಳ ಕಾಲ ಜಗತ್ತಿನಾದ್ಯಂತ ಅದನ್ನು ಬ್ರಾಕಿಪೆಲ್ಮಾ ಸ್ಮಿತಿ ಎಂದು ಮರಿ ಮಾಡಿಸಿ ಮಾರಿದರು. 2017ರಲ್ಲಿ ಮೆಂಡೋಜಾ ಮತ್ತು ಫ್ರಾಂಕೆ ಎಂಬ ಮೆಕ್ಸಿಕೊದ ತಜ್ಞರು ಪರಿಶೀಲಿಸಿದಾಗ, ಸಾಕಣೆಯಲ್ಲಿ ಆ ಹೆಸರಿನಲ್ಲಿದ್ದ ಬಹುಪಾಲು ಜೇಡಗಳು ಹಮೋರಿಯೈ ಎಂಬ ಬೇರೆಯೇ ಜಾತಿ ಎಂದು ತಿಳಿಯಿತು. ಯಾವ ಜಾತಿ, ಯಾವ ಕಾಡಿನ ಸಂತಾನ, ಯಾವುದರೊಡನೆ ಬೆರಕೆಯಾಗಿದೆ, ಯಾವ ರೋಗ ಹೊತ್ತಿದೆ ಎಂದು ಗೊತ್ತಿಲ್ಲದ ಮರಿಗಳನ್ನು ಕಾಡಿಗೆ ಬಿಡುವುದು ಉಳಿಸುವ ಕೆಲಸವಲ್ಲ. ಜಾತಿಯನ್ನು ಉಳಿಸಲೆಂದೇ ಸಾಕುವ ಸಂಸ್ಥೆಗಳು ಒಂದೊಂದು ಪ್ರಾಣಿಯ ವಂಶಾವಳಿ ಬರೆದಿಡುತ್ತವೆ. ಧರೆಯಿಂದ ಕಿತ್ತು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಸ್ಸು ಹತ್ತಿಸಿದ ಜೇಡಕ್ಕೆ ಯಾವ ವಂಶಾವಳಿ?

ಕಾನೂನಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಹರಿದಾಡುತ್ತಿದೆ: ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಎಲ್ಲ ಸಕ್ರಮ ಎಂದು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಅನುಸೂಚಿಯಲ್ಲಿರುವ, ಅಂದರೆ ಸೈಟಿಸ್ ಪಟ್ಟಿಯ, ಜೀವಿಯನ್ನು ಇಟ್ಟುಕೊಂಡವರು ಅದನ್ನು ವರದಿ ಮಾಡಿ ನೋಂದಾಯಿಸಬೇಕು; 2024ರಲ್ಲಿ ಅದಕ್ಕೆ ನಿಯಮಗಳೂ ಬಂದವು. ಆದರೆ ಮನೆಯಲ್ಲಿ ಇರುವುದನ್ನು ತಿಳಿಸುವ ವ್ಯವಸ್ಥೆ ಕಾಡಿನಿಂದ ಹಿಡಿದು ತರಲು ಪರವಾನಗಿ ಆಗುವುದಿಲ್ಲ. ಭಾರತ, ಶ್ರೀಲಂಕಾಗಳಲ್ಲಿ ಮಾತ್ರ ಇರುವ ಪೊಸಿಲೊಥೇರಿಯಾ ಕುಲ ಪೂರ್ತಿ 2019ರಲ್ಲಿ ಸೈಟಿಸ್‌ನ ಎರಡನೇ ಅನುಬಂಧ ಸೇರಿದೆ. ವಿದೇಶದ್ದು ತರಿಸಿಕೊಂಡರೆ ಕಾಡಿಗೆ ನಷ್ಟವಿಲ್ಲ ಎನ್ನುವವರು 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್‌ನವರು ಬಿಚ್ಚಿದ ಪಾರ್ಸೆಲ್ ನೆನಪಿಸಿಕೊಳ್ಳಲಿ. ಪೋಲೆಂಡಿನಿಂದ ಅಂಚೆಯಲ್ಲಿ ಬಂದ ಪೆಟ್ಟಿಗೆ. ಬೆಳ್ಳಿ ಹಾಳೆ, ಹತ್ತಿ ಸುತ್ತಿದ ಸಣ್ಣ ಸಣ್ಣ ಸೀಸೆಗಳಲ್ಲಿ 107 ಜೀವಂತ ಜೇಡ. ಯಾವ ಕಾಗದಪತ್ರವೂ ಇರಲಿಲ್ಲ.

ನನ್ನನ್ನು ನಿಜಕ್ಕೂ ಕೆರಳಿಸುವುದು ಜೇಡಕ್ಕಿಂತ ಆಚೆಯ ಸಂಗತಿ. ನಮಗೆ ಬೇಕಾದ ಕಥೆಯನ್ನು ನಾವು ಎಷ್ಟು ಸಲೀಸಾಗಿ ನಂಬುತ್ತೇವೆ! ಎರಡು ತಲೆ ಹಾವಿಗೆ ಕೋಟಿ ರೂಪಾಯಿ ಎಂದು ಯಾರೋ ಹೇಳಿದರು, ಮಣ್ಣಿನಡಿ ತನ್ನ ಪಾಡಿಗೆ ಇದ್ದ ಬಡ ಮಣ್ಣುಮುಕ್ಕನನ್ನು ರಾಜ್ಯದ ಉದ್ದಗಲಕ್ಕೂ ಗೋಣಿಚೀಲದಲ್ಲಿ ತುಂಬಿ ಸಾಗಿಸಿದರು. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಎಂದರು, ಆಮೆ ಬ್ಯಾಗಿನೊಳಗೆ ಸೇರಿತು. ಜೇಡ ಉಚ್ಚೆ ಹೊಯ್ದು ಗುಳ್ಳೆ ಎದ್ದಿತು ಎಂದು ಇಂದಿಗೂ ಎಲೆಯ ರಸ ಹಚ್ಚುತ್ತಾರೆ. ಆ ಗುಳ್ಳೆ ಹೆಚ್ಚಾಗಿ ಹರ್ಪಿಸ್ ವೈರಸ್ಸಿನದ್ದು, ಇಲ್ಲವೇ ದೀಪಕ್ಕೆ ಬರುವ ಪೆಡೆರಸ್ ಹುಳ ಮೈಮೇಲೆ ಜಜ್ಜಿ ಆದದ್ದು. ಸರ್ಪಸುತ್ತಾಗಿದ್ದರೆ ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು, ಕಣ್ಣಿನ ಹತ್ತಿರವಾದರೆ ಒಂದು ದಿನವೂ ಕಾಯಬಾರದು. 2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡಗಳ ದಾಳಿಯೆಂದು ಗುಲ್ಲೆದ್ದಾಗ, ಕಚ್ಚಿಸಿಕೊಂಡವರ ಗಾಯವನ್ನು ನಾಟಿ ಮಂತ್ರವಾದಿಗಳು ಬ್ಲೇಡಿನಿಂದ ಕೊಯ್ದ ವರದಿಗಳಿದ್ದವು. ಹೆದರಿದವನು ಒಂದು ಕಥೆ ನಂಬುತ್ತಾನೆ, ಆಸೆಪಟ್ಟವನು ಇನ್ನೊಂದು. ‘ಸಾಕಿ ಉಳಿಸುತ್ತೇವೆ’ ಎನ್ನುವುದು ಓದಿದವರ ಆಸೆಯ ಕಥೆ. ಇಂಗ್ಲಿಷ್ ವಿಡಿಯೊದಲ್ಲಿ ಬಂತೆಂಬ ಒಂದೇ ಕಾರಣಕ್ಕೆ ಅದಕ್ಕೆ ವಿಜ್ಞಾನದ ಗೌರವ ಸಿಕ್ಕಿದೆ.

ಹಾಗಾದರೆ ಜೇಡದ ಮೇಲೆ ನಿಜವಾದ ಮೋಹವಿರುವ ಹುಡುಗ ಏನು ಮಾಡಬೇಕು? ಆಸ್ಟ್ರೇಲಿಯಾದ ಬಾರ್ಬರಾ ಯಾರ್ಕ್ ಮೇನ್ ಮಾಡಿದ್ದನ್ನು ಮಾಡಬಹುದು. ಟರಾಂಟುಲಾಗಳ ದೂರದ ಬಳಗಕ್ಕೆ ಸೇರಿದ, ಬಿಲಕ್ಕೆ ಮುಚ್ಚಳ ಮಾಡಿಕೊಳ್ಳುವ ಜೇಡಗಳನ್ನು ಅವರು 1974ರಿಂದ ಅವುಗಳ ಜಾಗದಲ್ಲೇ ನೋಡತೊಡಗಿದರು. ಬಿಲದ ಪಕ್ಕ ಸಂಖ್ಯೆಯ ಗುರುತು ನೆಟ್ಟು, ವರ್ಷ ವರ್ಷವೂ ಹೋಗಿ ಯಾವುದು ಇದೆ, ಯಾವುದು ಹೋಯಿತು ಎಂದು ಬರೆದುಕೊಂಡರು. 16ನೇ ಸಂಖ್ಯೆಯ ಹೆಣ್ಣು ತನ್ನ ಒಂದೇ ಬಿಲದಲ್ಲಿ 43 ವರ್ಷ ಬದುಕಿ 2016ರಲ್ಲಿ ಸತ್ತಿತು. ಜಗತ್ತಿನಲ್ಲಿ ದಾಖಲಾದ ಅತಿ ದೀರ್ಘಾಯುಷಿ ಜೇಡವೆಂದು ಅದು ಹೆಸರಾಗಿದ್ದು ಗಾಜಿನ ಪೆಟ್ಟಿಗೆಯಲ್ಲಿದ್ದು ಅಲ್ಲ, ಬಯಲಲ್ಲಿ.

ನಮ್ಮ ಸೀಮೆಯ ಯಾವ ಧರೆಯಲ್ಲಾದರೂ ಇದು ಸಾಧ್ಯ. ಸಂಖ್ಯೆ ಬರೆದ ಬಿದಿರ ಗೂಟ, ಬಿಲದ ಬಾಯಿ ಅಳೆಯಲು ಸ್ಕೇಲು, ಒಂದು ನೋಟ್‌ಬುಕ್ಕು, ಕೆಂಪು ಹಾಳೆ ಕಟ್ಟಿದ ಬ್ಯಾಟರಿ ಸಾಕು. ರಸ್ತೆ ಅಗಲ ಮಾಡಲು ಜೆಸಿಬಿ ಬರುವ ಮುಂಚೆ ಆ ಧರೆಯಲ್ಲಿ ಎಷ್ಟು ಬಿಲ ಇದ್ದವು ಎಂದು ಪಂಚಾಯ್ತಿಗೋ ಅರಣ್ಯ ಇಲಾಖೆಗೋ ಬರೆದು ಕೊಡಲು ಆಗ ಒಬ್ಬನಾದರೂ ಇರುತ್ತಾನೆ.