ಕೊಲ್ಲಾರಿ ಬಂಡಿಯ ಜಾಗಕ್ಕೆ ವ್ಯಾನು: ರಾತ್ರಿ ಮಲಗಲು ಅಣಿ ಮಾಡುವುದು ಹೇಗೆ?



ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಹೊರಡುತ್ತಿದ್ದ ಕೊಲ್ಲಾರಿ ಬಂಡಿಗಳ ಸಾಲನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಹೆಂಗಸರು ಮಕ್ಕಳು ಬಂಡಿಯೊಳಗೆ ಮಲಗಿದರೆ ಗಂಡಸರು ಬಂಡಿಯ ಕೆಳಗೆ ಕಂಬಳಿ ಹಾಸುತ್ತಿದ್ದರು. ಎತ್ತುಗಳು ಗಾಲಿಗೆ ಕಟ್ಟಿಸಿಕೊಂಡು ಕಣಿಕೆ ಮೇಯುತ್ತಿದ್ದವು. ಮೂರು ನಾಲ್ಕು ದಿನ ಅದೇ ಮನೆ. ಈಗಲೂ ಬಂಡಿ ಹೂಡುವ ಮನೆತನಗಳಿವೆ. ಆದರೆ ಬಹಳ ಕಡೆ ಆ ಜಾಗಕ್ಕೆ ವ್ಯಾನು ಬಂದು ನಿಂತಿದೆ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು ಮುಂದೆ ಓಮ್ನಿ ಎಂದು ಹೆಸರಾದ ಗಾಡಿಯ ತಯಾರಿಕೆ 2019ರಲ್ಲಿ ನಿಂತರೂ ನಮ್ಮ ಊರುಗಳಲ್ಲಿ ಅದರ ಓಡಾಟ ನಿಂತಿಲ್ಲ. 2010ರಿಂದ ಈಕೋ ಕೂಡ ಜೊತೆಗೂಡಿದೆ. ಬೆಳಗ್ಗೆ ಟೊಮ್ಯಾಟೊ, ಸಂಜೆ ಮನೆಮಂದಿ, ನಡುವೆ ಗೊಬ್ಬರದ ಚೀಲ ಎಲ್ಲವೂ ಇದರಲ್ಲೇ.

ಈ ಗಾಡಿಯನ್ನೇ ಎರಡು ರಾತ್ರಿಯ ಮಟ್ಟಿಗೆ ಮಲಗುವ ಮನೆ ಮಾಡಿಕೊಳ್ಳಬಹುದೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಕೇಳುವುದರಲ್ಲಿ ಅರ್ಥವಿದೆ. ಸೆಪ್ಟೆಂಬರಿನ ಹೊತ್ತಿಗೆ ಧಾರವಾಡದ ಕೃಷಿ ಮೇಳ, ನವೆಂಬರಿನ ಹೊತ್ತಿಗೆ ಬೆಂಗಳೂರಿನ ಜಿಕೆವಿಕೆಯ ಮೇಳ ನೋಡಲು ಹೋದವರಿಗೆ ಲಾಡ್ಜಿನ ಖರ್ಚೇ ದೊಡ್ಡದು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದವರು ಹಿಂದಿನ ರಾತ್ರಿಯೇ ಬಂದು ಯಾರ್ಡಿನಲ್ಲಿ ಮುದುರಿ ಮಲಗುತ್ತಾರೆ. ಮಾಡಿಕೊಳ್ಳಬಹುದು, ಹೆಚ್ಚು ಖರ್ಚೂ ಇಲ್ಲ. ಆದರೆ ಹಲಗೆ, ಹಾಸಿಗೆಯ ಮಾತಿಗೆ ಮೊದಲು ಒಂದು ಘಟನೆಯನ್ನು ಹೇಳಬೇಕಾಗಿದೆ.

ಸುಮಾರು ಹದಿನೈದು ವರ್ಷಗಳ ಹಿಂದೆ ಬನದ ಹುಣ್ಣಿಮೆಗೆ ನಾವು ಐದು ಮಂದಿ ಸಂಬಂಧಿಕರ ವ್ಯಾನಿನಲ್ಲಿ ಹೋಗಿದ್ದೆವು. ರಾತ್ರಿ ವಿಪರೀತ ಚಳಿ. ಒಲೆಯಲ್ಲಿ ಉಳಿದ ನಿಗಿನಿಗಿ ಕೆಂಡವನ್ನು ನಮ್ಮ ಚಿಗವ್ವ ಕಬ್ಬಿಣದ ಬುಟ್ಟಿಗೆ ತುಂಬಿ, ಕೂಸಿಗೆ ಬೆಚ್ಚಗಾಗಲೆಂದು ಗಾಡಿಯೊಳಗೆ ಇಟ್ಟಳು. ಬಂಡಿಯಲ್ಲಿ ಅವರು ವರ್ಷಗಟ್ಟಲೆ ಮಾಡಿದ್ದೇ ಅದು. ಕೃಷಿ ಪದವಿ ಓದಿದ್ದ ನಾನೂ ಒಳಗೇ ಇದ್ದೆ, ಬೇಡ ಎನ್ನಲಿಲ್ಲ. ಬಾಗಿಲು, ಗಾಜು ಎಲ್ಲ ಮುಚ್ಚಿ ಮಲಗಿದೆವು. ನಡುರಾತ್ರಿ ಚಿಗವ್ವನೇ ನನ್ನ ತೋಳು ಅಲುಗಿಸಿ, "ತಮ್ಮಾ, ಬಾಗಲಾ ತೆಗಿ, ತೆಲಿ ಸೀಳಾಕತ್ತೈತಿ" ಎಂದಳು. ಏಳಲು ಹೋದರೆ ನನ್ನ ಕಾಲಲ್ಲಿ ಬಲವೇ ಇಲ್ಲ. ತೆವಳಿ ಹೋಗಿ ಬಾಗಿಲು ಸರಿಸಿದೆ. ಕೂಸನ್ನು ಹೊರಗೆ ತಂದಾಗ ಕತ್ತು ಜೋತುಬಿದ್ದಿತ್ತು. ಬಯಲ ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಅದು ಅತ್ತಿತು. ಆ ಅಳುವನ್ನು ಕೇಳಿ ನಾವೆಲ್ಲ ನೆಲದ ಮೇಲೆ ಕುಳಿತುಬಿಟ್ಟೆವು.

ಆಗಿದ್ದು ಇಷ್ಟು. ಕೆಂಡ ಉರಿಯುವಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವನಿಗೆ ಉಸಿರು ಕಟ್ಟಿದ್ದೂ ತಿಳಿಯುವುದಿಲ್ಲ. ಹಾಗಾದರೆ ಬಂಡಿಯಲ್ಲಿ ಏಕೆ ಹೀಗಾಗುತ್ತಿರಲಿಲ್ಲ? ಬಂಡಿಯ ಕೊಲ್ಲಾರಿ ಬಿದಿರಿನ ತಟ್ಟಿಯದು, ಸಂದುಸಂದಿನಲ್ಲಿ ಗಾಳಿ ಆಡುತ್ತದೆ, ಹಿಂದೆ ಮುಂದೆ ತೆರೆದೇ ಇರುತ್ತದೆ. ವ್ಯಾನು ತಗಡಿನ ಡಬ್ಬಿ. ಬಾಗಿಲಿಗೆಲ್ಲ ರಬ್ಬರಿನ ಪಟ್ಟಿ. ಬಂಡಿಯ ರೂಢಿಯನ್ನು ವ್ಯಾನಿಗೆ ತಂದದ್ದೇ ನಮ್ಮ ತಪ್ಪು.

ಆದ್ದರಿಂದ ಗಾಡಿಯೊಳಗೆ ಕೆಂಡ, ಸ್ಟೌ, ಸೊಳ್ಳೆಗೆ ಹೊಗೆ ಹಾಕುವ ಸುರುಳಿ ಯಾವುದೂ ಬೇಡ. ಗಾಜು ಸ್ವಲ್ಪ ತೆರೆದಿದ್ದರೆ ಕೆಂಡ ಇಡಬಹುದೆಂಬ ಲೆಕ್ಕವೂ ತಪ್ಪು. ಎಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಂಡು ಮಲಗುವುದಂತೂ ಕೂಡದು. ಓಮ್ನಿ, ಈಕೋಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಹಳೆಯ ಗಾಡಿಯ ಸೈಲೆನ್ಸರ್ ಪೈಪು ತೂತಾಗಿದ್ದರೆ ಅದರ ಹೊಗೆ ಒಳಗೇ ಬರುತ್ತದೆ. ಪ್ರಯಾಣಕ್ಕೆ ಮೊದಲು ಮೆಕ್ಯಾನಿಕ್ಕನಿಂದ ಅದನ್ನೊಮ್ಮೆ ನೋಡಿಸಿ. ಗಾಡಿಯಲ್ಲಿದ್ದವರಿಗೆಲ್ಲ ಒಟ್ಟಿಗೇ ತಲೆನೋವು, ಓಕರಿಕೆ ಬಂದರೆ ಊಟ ಕೆಟ್ಟಿತೆಂದು ಕೂರಬೇಡಿ. ಎಲ್ಲರನ್ನೂ ಹೊರಗೆ ಎಳೆದು 108ಕ್ಕೆ ಕರೆ ಮಾಡಿ. ಇದಕ್ಕೆ ಆಸ್ಪತ್ರೆಯ ಆಮ್ಲಜನಕವೇ ಮದ್ದು.

ಹಾಸಿಗೆಗೆ ಮೊದಲು ತೊಳೆತ

ನಮ್ಮ ವ್ಯಾನು ಬರೀ ಜನರ ಗಾಡಿಯಲ್ಲ. ಅದರಲ್ಲಿ ಕೀಟನಾಶಕದ ಡಬ್ಬಿಯೂ ಬಂದಿರುತ್ತದೆ. ಒಂದು ಮುಚ್ಚಳ ಸಡಿಲವಿದ್ದರೆ ಸಾಕು, ಔಷಧ ಸೋರಿ ನೆಲದ ಮ್ಯಾಟಿಗೆ, ಸೀಟಿನ ಸ್ಪಂಜಿಗೆ ಇಳಿಯುತ್ತದೆ. ಬಿಸಿಲಿಗೆ ನಿಂತ ಗಾಡಿ ಕಾದಾಗ ಅದರ ಆವಿ ಏಳುತ್ತದೆ. ಹಗಲು ಗಾಜು ಇಳಿಸಿ ಅರ್ಧ ಗಂಟೆ ಓಡಾಡುವವನಿಗೆ ಇದು ಗೊತ್ತಾಗದು. ಅದೇ ನೆಲದ ಮೇಲೆ ಎಂಟು ತಾಸು ಮೂಗು ಊರಿ ಮಲಗುವ ಮಗುವಿನ ಪಾಡು ಬೇರೆ. ಮಲಗುವ ಯೋಚನೆಯಿದ್ದರೆ ಮ್ಯಾಟು ಪೂರ್ತಿ ಎತ್ತಿ ಹಾಕಿ. ಕೈಗೆ ಗವಸು ತೊಟ್ಟು ಸೋಪಿನ ನೀರಿನಿಂದ ಎರಡು ಮೂರು ಸಲ ತಗಡು ಉಜ್ಜಿ. ಆ ನೀರು ಬಾವಿಗಾಗಲಿ, ಹಳ್ಳಕ್ಕಾಗಲಿ, ದನ ಕುಡಿಯುವ ತೊಟ್ಟಿಗಾಗಲಿ ಹರಿಯದಿರಲಿ. ಬಾಗಿಲುಗಳನ್ನು ತೆರೆದಿಟ್ಟು ಎರಡು ದಿನ ಒಣಗಿಸಿ. ಔಷಧ ಕುಡಿದ ಸ್ಪಂಜನ್ನು ತೊಳೆಯಲು ಹೋಗಬೇಡಿ, ಬದಲಾಯಿಸಿ. ಮುಂದಕ್ಕೆ ಔಷಧ ತರುವಾಗ ಮುಚ್ಚಳವಿರುವ ಬೇರೆ ಪೆಟ್ಟಿಗೆಯೊಂದನ್ನು ಇಟ್ಟುಕೊಳ್ಳಿ. ಆ ದಿನ ಗಾಡಿಯಲ್ಲಿ ಮಕ್ಕಳೂ ಬೇಡ, ಊಟದ ಬುತ್ತಿಯೂ ಬೇಡ.

ಯೂರಿಯಾ ಚೆಲ್ಲಿದ ಕಡೆಯೂ ತೊಳೆಯಬೇಕು. ಅದು ತೇವ ಹೀರಿ ತಗಡನ್ನು ತಿನ್ನುತ್ತದೆ. ಇನ್ನು ಮೆಣಸಿನಕಾಯಿ ಹೇರಿದ ಗಾಡಿಯ ಸುದ್ದಿ ನಾನು ಹೇಳಬೇಕಿಲ್ಲ. ಒಮ್ಮೆ ಅಂಥದ್ದರಲ್ಲಿ ಮಲಗಲು ಹೋಗಿ ಬೆಳತನಕ ಸೀನಿದವರಲ್ಲಿ ನಾನೂ ಒಬ್ಬ.

ಕ್ರೇಟಿನ ಮಂಚ

ಕೆಲವರು ಸೀಟು ಕಿತ್ತು ಕಬ್ಬಿಣದ ಮಂಚವನ್ನು ವೆಲ್ಡಿಂಗ್ ಮಾಡಿಸಿಬಿಡುತ್ತಾರೆ. ಇದು ಬೇಡ. ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸೀಟುಗಳ ಸಂಖ್ಯೆಯೂ ಆ ಪತ್ರದಲ್ಲಿರುತ್ತದೆ. ನಾಳೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೊಂದೇ ಸಾಕು. ಮೊಳೆ, ಬೋಲ್ಟು ಏನೂ ಇಲ್ಲದೆ, ಸಾಮಾನಿನಂತೆ ಇಟ್ಟು ತೆಗೆಯುವ ಮಂಚವೇ ಒಳ್ಳೆಯದು.

ನಿಮ್ಮ ಮನೆಯಲ್ಲೇ ಇರುವ ಟೊಮ್ಯಾಟೊ ಕ್ರೇಟನ್ನು ನೋಡಿ. ಸಾಮಾನ್ಯವಾಗಿ ಅದು ಇಪ್ಪತ್ತೊಂದೂವರೆ ಅಂಗುಲ ಉದ್ದ, ಹದಿನಾಲ್ಕು ಅಂಗುಲ ಅಗಲ, ಹನ್ನೊಂದೂವರೆ ಅಂಗುಲ ಎತ್ತರ ಇರುತ್ತದೆ. ತುಂಬಿದ ಕ್ರೇಟುಗಳನ್ನು ಲಾರಿಯಲ್ಲಿ ಒಂದರ ಮೇಲೊಂದು ಹೇರಿದರೂ ತಡೆಯುವ ಸಾಮಾನಿಗೆ ಇಬ್ಬರು ಮಲಗಿದರೆ ಏನಾದೀತು? ಹಿಂದಿನ ಸೀಟಿನ ಬೆನ್ನು ಮುಂದಕ್ಕೆ ಮಡಚುವ ಗಾಡಿಯಾದರೆ ಆರು ಕ್ರೇಟು ಸಾಕು. ಮಡಚಿದ ಸೀಟಿನ ಹಿಂದೆ ಅಡ್ಡಡ್ಡಲಾಗಿ ಎರಡರಂತೆ ಎರಡು ಸಾಲು, ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಒಂದು ಸಾಲು. ಬಾಯಿ ಮೇಲಾಗಿರಲಿ. ಒಳಗೆ ಬಟ್ಟೆಬರೆ, ಪಾತ್ರೆ, ಬುತ್ತಿ ಇಡಬಹುದು.

ಮೇಲೆ ಹಾಸಲು 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಒಂದು ಹಾಳೆ ತನ್ನಿ. ಎಂಟಡಿಗೆ ನಾಲ್ಕಡಿಯ ಹಾಳೆಯನ್ನು ಎರಡೆರಡು ಅಡಿಯಂತೆ ಕೊಯ್ಸಿದರೆ ನಾಲ್ಕು ತುಂಡು. ಮೂರು ಮಂಚಕ್ಕೆ, ಉಳಿದದ್ದು ಹೊರಗೆ ಅಡುಗೆ ಮಾಡುವಾಗ ಮಣೆ. ಆದರೆ ಬಡಗಿಯ ಬಳಿ ಹೋಗುವ ಮೊದಲು ಗಾಡಿಯ ಒಳಗನ್ನು ನೀವೇ ಟೇಪು ಹಿಡಿದು ಅಳೆಯಿರಿ. ಗಾಲಿಯ ಉಬ್ಬು ಇರುವಲ್ಲಿ ಅಗಲ ಕಡಿಮೆ. ನನ್ನ ಅಳತೆ ನಿಮ್ಮ ಗಾಡಿಗೆ ಬರಲಾರದು. ಮಡಚಿದ ಸೀಟು ಕ್ರೇಟಿಗಿಂತ ಎತ್ತರವಿದ್ದರೆ ಹಲಗೆಯ ಕೆಳಗೆ ಮರದ ರೀಪು ಹೊಡೆಸಿ ಮಟ್ಟ ಮಾಡಿಕೊಳ್ಳಿ. ಅದೇ ರೀಪು ಕ್ರೇಟಿನ ಅಂಚಿಗೆ ಸಿಕ್ಕಿಕೊಂಡು ಹಲಗೆ ಜಾರದಂತೆಯೂ ಹಿಡಿಯುತ್ತದೆ. ಎತ್ತರದ ಆಳು ಓರೆಯಾಗಿ ಮಲಗಬೇಕಾದೀತು. ಹಾಸಲು ಎರಡು ಕೌದಿ, ಹೊದೆಯಲು ಕಂಬಳಿ ಸಾಕು. ಪೇಟೆಯ ಸ್ಪಂಜಿನ ಹಾಸಿಗೆ ರಾತ್ರಿಯ ತೇವ ಹೀರಿ ಬೇಗ ಮುಗ್ಗುತ್ತದೆ. ಕೌದಿಯನ್ನಾದರೆ ಬೆಳಗ್ಗೆ ಗಾಡಿಯ ಮೇಲೆ ಹರವಿ ಒಣಗಿಸಬಹುದು.

ಇಬ್ಬರು ದೊಡ್ಡವರು, ಒಂದು ಮಗು ಇದರಲ್ಲಿ ಹಿಡಿಸುತ್ತಾರೆ. ಉಳಿದವರಿಗೆ ಬಂಡಿಯ ಕಾಲದ ಏರ್ಪಾಟೇ ಸರಿ. ರೈತ ಸಂಪರ್ಕ ಕೇಂದ್ರದಿಂದ ಸಹಾಯಧನದಲ್ಲಿ ಪಡೆದ ಟಾರ್ಪಾಲಿನ್ ಇದ್ದರೆ ಅದರ ಒಂದು ಅಂಚನ್ನು ಗಾಡಿಯ ಮೇಲಿನ ಕ್ಯಾರಿಯರಿಗೆ ಕಟ್ಟಿ, ಇನ್ನೊಂದನ್ನು ಎರಡು ಗಳುಗಳಿಗೆ ಎಳೆದು ಕಟ್ಟಿ. ಗಂಡಸರು ಅದರ ಕೆಳಗೆ ಮಲಗಲಿ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಗಾಡಿ ನಿಂತಾಗ ಮಾತ್ರ ಇದು ಮಂಚ. ಓಡುವಾಗ ಸೀಟು ಎತ್ತಿ ನಿಲ್ಲಿಸಿ, ಹಲಗೆಗಳನ್ನು ಸೀಟಿನ ಹಿಂದೆ ಹಗ್ಗದಿಂದ ಬಿಗಿದು ಕಟ್ಟಿ, ಎಲ್ಲರೂ ಕುಳಿತು ಬೆಲ್ಟು ಹಾಕಿಕೊಳ್ಳಬೇಕು. ಮಕ್ಕಳನ್ನು ಹಿಂದೆ ಮಲಗಿಸಿ ರಾತ್ರಿಯಿಡೀ ಓಡಿಸುವವರನ್ನು ಕಂಡಿದ್ದೇನೆ. ಒಮ್ಮೆ ಬಿರುಸಾಗಿ ಬ್ರೇಕು ಒತ್ತಿದರೆ ಮಗುವೂ ಕ್ರೇಟೂ ಒಟ್ಟಿಗೇ ಮುಂದಕ್ಕೆ ಬರುತ್ತವೆ.

ಗಾಳಿ, ಬೆಳಕು, ಸೊಳ್ಳೆ

ಎದುರುಬದುರಿನ ಎರಡು ಗಾಜುಗಳನ್ನು ನಾಲ್ಕು ಬೆರಳಿನಷ್ಟಾದರೂ ರಾತ್ರಿಯಿಡೀ ತೆರೆದಿಡಿ. ಚಳಿಯಾದರೂ ಸರಿ, ಮಳೆಯಾದರೂ ಸರಿ. ಮುಚ್ಚಿ ಮಲಗಿದರೆ ಉಸಿರಿನ ತೇವವೇ ಗಾಜಿಗೆ ಕಟ್ಟಿ ಬೆಳಗ್ಗೆ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಸೊಳ್ಳೆಗೆ ಪೇಟೆಯ ಪರದೆ ಹುಡುಕಬೇಡಿ. ಟೊಮ್ಯಾಟೊ, ಮೆಣಸಿನ ಸಸಿಮಡಿಗೆ ಹೊದಿಸುವ 40 ಮೆಶ್‌ನ ನೈಲಾನ್ ಬಲೆ ಉಳಿದಿದ್ದರೆ ಅದನ್ನು ಕಿಟಕಿಗಿಂತ ಎರಡು ಅಂಗುಲ ದೊಡ್ಡದಾಗಿ ಕತ್ತರಿಸಿ, ಅಂಚು ಹೊಲಿಸಿ, ಒಳಗೆ ಸಣ್ಣ ಅಯಸ್ಕಾಂತದ ಬಿಲ್ಲೆಗಳನ್ನಿಡಿ. ತಗಡಿಗೆ ಕಚ್ಚಿಕೊಳ್ಳುತ್ತದೆ. ಬಿಳಿನೊಣವನ್ನು ತಡೆಯುವ ಬಲೆಗೆ ಸೊಳ್ಳೆ ಯಾವ ಲೆಕ್ಕ? ಆದರೆ ಬಲೆ ಗಾಳಿಯನ್ನೂ ಸ್ವಲ್ಪ ತಡೆಯುವುದರಿಂದ ಗಾಜನ್ನು ಇನ್ನಷ್ಟು ಸರಿಸಬೇಕು.

ದೀಪಕ್ಕೂ ಫ್ಯಾನಿಗೂ ಗಾಡಿಯ ಬ್ಯಾಟರಿ ಮುಟ್ಟಬೇಡಿ, ಬೆಳಗ್ಗೆ ಗಾಡಿ ತಳ್ಳಬೇಕಾದೀತು. ಬ್ಯಾಟರಿ ಸ್ಪ್ರೇಯರ್ ಇದ್ದವರು ಅದರೊಳಗಿನ ಬ್ಯಾಟರಿಯನ್ನು ಬಿಚ್ಚಿ, ಒರೆಸಿ ತನ್ನಿ. ಸ್ಪ್ರೇಯರ್ ಮನೆಯಲ್ಲೇ ಇರಲಿ. ಅದು 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿಯಾದರೆ 96 ವ್ಯಾಟ್ ಅವರ್ ಶಕ್ತಿ. 10 ವ್ಯಾಟಿನ ಸಣ್ಣ ಫ್ಯಾನು, 3 ವ್ಯಾಟಿನ ಎಲ್‌ಇಡಿ ದೀಪ ಸೇರಿ 13 ವ್ಯಾಟ್. ಲೆಕ್ಕಕ್ಕೆ ಏಳು ತಾಸು ಬಂದರೂ ಐದು ತಾಸಿಗೆ ನಿಲ್ಲಿಸಿ. ಪೂರ್ತಿ ಇಳಿಸಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ತಂತಿಗೆ ಬ್ಯಾಟರಿಯ ಹತ್ತಿರವೇ 3 ಆಂಪಿಯರಿನ ಫ್ಯೂಸ್ ಹಾಕಿಸಿ.

ಎಲ್ಲಿ ನಿಲ್ಲಿಸಬೇಕು?

ಹೆದ್ದಾರಿಯ ಅಂಚು ಬೇಡವೇ ಬೇಡ. ಕತ್ತಲಲ್ಲಿ ಬರುವ ಲಾರಿಯವನಿಗೆ ನೀವು ಕಾಣುವುದಿಲ್ಲ. ದೇವಸ್ಥಾನದ ವಾಹನ ನಿಲ್ದಾಣ, ಮಾರುಕಟ್ಟೆಯ ಯಾರ್ಡು, ಕೇಳಿಕೊಂಡರೆ ಪೆಟ್ರೋಲ್ ಬಂಕಿನ ಮೂಲೆ ಸರಿಯಾದ ಜಾಗಗಳು. ಒಣಗಿದ ಹಳ್ಳದ ಮರಳು ಮೆತ್ತಗಿದೆ ಎಂದು ಅದರಲ್ಲಿ ಇಳಿಸಬೇಡಿ. ಮೇಲೆಲ್ಲೋ ಮಳೆಯಾದರೆ ನೀರು ರಾತ್ರೋರಾತ್ರಿ ಬರುತ್ತದೆ. ತೆಂಗಿನ ಮರದ ಕೆಳಗೂ ಬೇಡ. ಊಟಿಗೋ ವಯನಾಡಿಗೋ ಹೊರಟವರಿಗೆ ಇನ್ನೊಂದು ಸೂಚನೆ: 2009ರಿಂದ ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿಷೇಧವಿದೆ. ಹೊತ್ತು ಮೀರುವಂತಿದ್ದರೆ ಗುಂಡ್ಲುಪೇಟೆಯಲ್ಲೇ ಉಳಿಯಿರಿ.

ಗಾಡಿಯ ಮೂತಿ ಹೊರಹೋಗುವ ದಾರಿಯ ಕಡೆಗಿರಲಿ. ಬೀಗದ ಕೈ ಎಲ್ಲಿದೆ ಎಂಬುದು ಮಲಗುವ ಪ್ರತಿಯೊಬ್ಬರಿಗೂ ಗೊತ್ತಿರಲಿ. ಜಾರುಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ಹಗಲಿನಲ್ಲೇ, ಮನೆಯ ಹಿರಿಯರ ಕೈಯಿಂದಲೇ ಒಮ್ಮೆ ತೆಗೆಸಿ ನೋಡಿ. ಅಂದು ನನ್ನ ಕೈಗೆ ಆ ಹಿಡಿ ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಎಚ್ಚರವಾಗುತ್ತದೆ.

ಅಡುಗೆ ಮಾಡುವುದಾದರೆ ಗಾಡಿಯಿಂದ ಹತ್ತು ಹೆಜ್ಜೆ ದೂರ. ಎರಡು ದಿನದ ಪ್ರಯಾಣಕ್ಕೆ ಸಿಲಿಂಡರನ್ನೇ ಬಿಟ್ಟು ಹೋಗುವುದು ಇನ್ನೂ ಉತ್ತಮ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡಲ್ಲ, ವಾರ ಕಳೆದರೂ ಕೆಡುವುದಿಲ್ಲ. ಮೊಸರು ದಾರಿಯಲ್ಲಿ ಸಿಗುತ್ತದೆ. ಬೆಳಗ್ಗೆ ಹೊರಡುವಾಗ ಗಾಲಿಗೆ ಕೊಟ್ಟ ಕಲ್ಲುಗಳನ್ನು ತೆಗೆದು ಬದಿಗಿಟ್ಟೇ ಗಾಡಿ ಹತ್ತಿ. ಹಿಂದೆ ಬರುವ ಬೈಕಿನವನು ಅದನ್ನು ನೋಡಿರುವುದಿಲ್ಲ.