ಕಿವಿಯ ದೋಷವೇ, ಕುದುರೆಯ ದೋಷವೇ?

ಮಕ್ಕಳು ಅಪಸ್ವರ ನುಡಿಸಿದರೆ ಅವರ ಕಿವಿಯೇ ಸರಿಯಿಲ್ಲವೆಂದು ತೀರ್ಮಾನಿಸುವುದು ಹಿರಿಯರಾದ ನಮ್ಮೆಲ್ಲರ ಅವಸರದ ಅಭ್ಯಾಸ. ನಮ್ಮ ಶಾಲೆಯಲ್ಲಿ ಓದಿಹೋದ ಹುಡುಗನೊಬ್ಬನು ತನ್ನ ಎಲೆಕ್ಟ್ರಿಕ್ ಗಿಟಾರನ್ನು ಮಾರಿಬಿಡಲು ಹೊರಟಿದ್ದನು. ಬಿಡಿ ತಂತಿಗಳೆಲ್ಲ ಶ್ರುತಿಯಲ್ಲಿರುತ್ತಿದ್ದವು; ಬೆರಳು ಮೇಲಣ ಮೆಟ್ಟಿಲುಗಳಿಗೆ ಏರಿದೊಡನೆ ನಾದ ಕೆಡುತ್ತಿತ್ತು. ಸ್ವರಜ್ಞಾನವಿಲ್ಲವೆಂದು ಮನೆಯವರು ಹೇಳಿದರು, ಅವನೂ ನಂಬಿದನು. ಸ್ವರ ಕೆಟ್ಟುದನ್ನು ತಾನೇ ಕೇಳಿ ಗುರುತಿಸಿದವನಿಗೆ ಸ್ವರಜ್ಞಾನವಿಲ್ಲವೆನ್ನುವುದು ಹೇಗೆ? ದೋಷವಿದ್ದುದು ವಾದ್ಯದಲ್ಲಿ.

ವೀಣೆಯನ್ನು ಬಲ್ಲವರಿಗೆ ಈ ವಿಷಯ ಕಠಿಣವಲ್ಲ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವಾಗ ತಂತಿಯ ನಾದವನ್ನು ಕೇಳುತ್ತ ಮೆಟ್ಟಿಲನ್ನು ಸರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು. ಗಿಟಾರಿನ ಮೆಟ್ಟಿಲುಗಳಾದರೋ ಮರದಲ್ಲಿ ನಾಟಿಕೊಂಡಿವೆ, ಕದಲವು. ಆದಕಾರಣ ಅಲ್ಲಿ ಸರಿಸಬೇಕಾದುದು ಕುದುರೆಯನ್ನು. ಅಮೆರಿಕದ ಫೆಂಡರ್ ಸಂಸ್ಥೆಯು 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಆರು ತಂತಿಗಳಿಗೂ ಒಂದೊಂದು ಪುಟ್ಟ ಕುದುರೆ, ಅದನ್ನು ಹಿಂದೆ ಮುಂದೆ ಸರಿಸಲು ಒಂದೊಂದು ತಿರುಪುಮೊಳೆ ಇವೆ. ಅದರ ಅನುಕರಣಗಳು ಇಂದು ಅಗ್ಗದ ಬೆಲೆಗೂ ದೊರೆಯುತ್ತವೆ.

ಈ ಮಾದರಿಯಲ್ಲಿ ತಂತಿಯ ನುಡಿಯುವ ಉದ್ದ ಸುಮಾರು 648 ಮಿಲಿಮೀಟರ್. ಅದರ ಅರ್ಧಕ್ಕೆ, 324ರಲ್ಲಿ, 12ನೆಯ ಮೆಟ್ಟಿಲು. ಅಲ್ಲಿ ಬಿಡಿ ತಂತಿಯ ಮೇಲಣ ಸ್ಥಾಯಿಯ ಸ್ವರ ನುಡಿಯಬೇಕು. ಆದರೆ ಒತ್ತುವಾಗ ತಂತಿ ತುಸು ಎಳೆಯಲ್ಪಟ್ಟು ಸ್ವರ ಏರುತ್ತದೆ. ದಪ್ಪ ತಂತಿಗೆ ಬಿರುಸೂ ಹೆಚ್ಚು, ಏರಿಕೆಯೂ ಹೆಚ್ಚು. ಈ ಏರಿಕೆಯನ್ನು ಕಳೆಯಲೆಂದೇ ಕುದುರೆಯನ್ನು ಹಿಂದಕ್ಕೆ ಸರಿಸಿ ಉದ್ದವನ್ನು ಕೊಂಚ ಕೂಡಿಸುವುದು.

ಕುದುರೆಗೆ ಕೈಹಚ್ಚುವುದು ಕಟ್ಟಕಡೆಯ ಕೆಲಸ. ಮೊದಲು ಹೊಸ ತಂತಿ ಕಟ್ಟಬೇಕು. ತುಕ್ಕು ಹಿಡಿದ ತಂತಿಯಲ್ಲಿ ಎಷ್ಟು ಹೆಣಗಿದರೂ ವ್ಯರ್ಥ. ಅನಂತರ ದಂಡಿಯ ಬಾಗು: ತಂತಿಯನ್ನು ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒತ್ತಿಹಿಡಿದರೆ 7ನೆಯ ಮೆಟ್ಟಿಲಿನ ಬಳಿ ಕಾಲು ಮಿಲಿಮೀಟರಿನಷ್ಟು ಎಡೆ ಕಾಣಬೇಕು. ಎಡೆ ಹೆಚ್ಚಿದ್ದರೆ ದಂಡಿಯೊಳಗಿನ ಉಕ್ಕಿನ ಸರಳನ್ನು ಬಿಗಿಮಾಡಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಲವಂತಕ್ಕೆ ಆ ಸರಳು ಮುರಿದರೆ ದುರಸ್ತಿಯ ಖರ್ಚು ಗಿಟಾರಿನ ಬೆಲೆಯನ್ನೇ ಮೀರೀತು. ಆಮೇಲೆ 12ನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿ 2 ಮಿಲಿಮೀಟರ್, ತೆಳು ತಂತಿ ಒಂದೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಸಾಕು. ತಂತಿಯ ಕೆಳಗಿರುವ ಅಯಸ್ಕಾಂತದ ಪಿಕಪ್ ತೀರ ಹತ್ತಿರವಿದ್ದರೂ ಅದು ತಂತಿಯನ್ನು ಸೆಳೆದು ನಾದವನ್ನು ಕೆಡಿಸುತ್ತದೆ, ತಗ್ಗಿಸಿಡುವುದು ಕ್ಷೇಮ.

ಈಗ ಕುದುರೆ. ಬಿಡಿ ತಂತಿಯನ್ನು ಶ್ರುತಿಗೂಡಿಸಿ, 12ನೆಯ ಮೆಟ್ಟಿಲಿನ ನೇರಕ್ಕೆ ಬೆರಳನ್ನು ಸೋಕಿಸಿಯೂ ಸೋಕಿಸದಂತೆ ಇಟ್ಟು ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅದೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿದ ನಾದವು ಇದಕ್ಕೆ ಸಮವಾಗಬೇಕು. ಒತ್ತಿದ ನಾದ ಏರಿದ್ದರೆ ಕುದುರೆಯನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಪ್ರತಿ ಸಲವೂ ತಂತಿಯನ್ನು ಸಡಿಲಿಸಿಯೇ ತಿರುಪನ್ನು ತಿರುಗಿಸಿ, ಮರಳಿ ಶ್ರುತಿಮಾಡಿ ಪರೀಕ್ಷಿಸಬೇಕು. ಮೊಬೈಲಿನ ಶ್ರುತಿಸೂಚಿಯ ಮುಳ್ಳು ಇದಕ್ಕೆ ಸಹಾಯಕ. ಆದರೆ ಮೊದಲು ಕಿವಿಯಿಂದ ಅಂದಾಜುಮಾಡಿ ಆಮೇಲೆ ಮುಳ್ಳನ್ನು ನೋಡುವ ಕ್ರಮವನ್ನೇ ನಾವು ಹುಡುಗನಿಗೆ ಹೇಳಿದೆವು. ಆರು ತಂತಿಗೆ ಒಂದು ಮಧ್ಯಾಹ್ನ ಹಿಡಿಯಿತು. ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮಳೆಗಾಲದ ತೇವಕ್ಕೆ ದಂಡಿ ಅಲುಗುವುದರಿಂದ ನಮ್ಮ ಕರಾವಳಿಯಲ್ಲಿ ಆಷಾಢದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಇದನ್ನು ನೋಡಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ತಂಬೂರಿಯ ಜೊತೆಗೆ ನುಡಿಸುವ ಮಕ್ಕಳು ಅಂತರಗಾಂಧಾರ ಚುಚ್ಚುತ್ತದೆಂದು ದೂರಿದರೆ ಗದರಬಾರದು. ಗಿಟಾರಿನ ಮೆಟ್ಟಿಲುಗಳು ಸ್ಥಾಯಿಯನ್ನು 12 ಸಮಭಾಗ ಮಾಡಿ ಇಟ್ಟವು. ಒಂದು ಭಾಗವನ್ನು 100 ಸೆಂಟ್ ಎಂದು ಎಣಿಸಿದರೆ, ತಂಬೂರಿಯಿಂದ ಹೊಮ್ಮುವ ಗಾಂಧಾರಕ್ಕಿಂತ ಗಿಟಾರಿನ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ. ಇದನ್ನು ಯಾವ ತಿರುಪೂ ತಿದ್ದಲಾರದು. ಒಂದು ಮೆಟ್ಟಿಲು ಕೆಳಗೆ ಒತ್ತಿ, ವೈಣಿಕರಂತೆ ತಂತಿಯನ್ನು ಪಕ್ಕಕ್ಕೆ ಎಳೆದು, ಬೇಕಾದ ಗಾಂಧಾರವನ್ನು ಬೆರಳಿನಿಂದಲೇ ಮುಟ್ಟಬೇಕು.