ನಂಬರಿನ ಕೆಳಗೆ ಎಳೆದ ಗೆರೆ

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪುಸ್ತಕ. ಒಳಗೆ ಕಥೆಯಿಲ್ಲ, ವರ್ಣನೆಯಿಲ್ಲ. ಪುಟದ ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ರೈಲು ಎಂಜಿನ್ನುಗಳ ನಂಬರುಗಳು, ಕೆಲವಕ್ಕೆ ಪಕ್ಕದಲ್ಲೊಂದು ಹೆಸರು, ಅಷ್ಟೇ. 1950ರ ದಶಕದ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಶಾಲಾ ಹುಡುಗರ ಜೇಬಿನಲ್ಲಿ ಇಂಥದ್ದೊಂದು ಪುಸ್ತಕವಿರುತ್ತಿತ್ತು. ಒಂದು ಪೆನ್ನಿ ಕೊಟ್ಟು ಪ್ಲಾಟ್‌ಫಾರಂ ಟಿಕೆಟ್ ಕೊಂಡು, ಪ್ಲಾಟ್‌ಫಾರಮ್ಮಿನ ತುತ್ತತುದಿಯಲ್ಲಿ ಗುಂಪಾಗಿ ನಿಂತು, ಬಂದುಹೋಗುವ ಪ್ರತಿ ಎಂಜಿನ್ನಿನ ನಂಬರನ್ನು ಅವರು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಮುದ್ರಿತ ಪುಸ್ತಕ ತೆರೆದು, ಸ್ಕೇಲಿಟ್ಟು, ಅಂದು ಮೊದಲ ಸಲ ಕಂಡ ನಂಬರುಗಳ ಕೆಳಗೆ ನೇರವಾಗಿ ಗೆರೆ ಎಳೆಯುತ್ತಿದ್ದರು. ಹೊಸ ನಂಬರು ಸಿಕ್ಕಿದರೆ ಅವರ ಭಾಷೆಯಲ್ಲಿ ಅದು ‘ಕಾಪ್’. ಟ್ರೇನ್‌ಸ್ಪಾಟಿಂಗ್ ಎಂಬ ಈ ಹವ್ಯಾಸ ಉತ್ತುಂಗಕ್ಕೇರಿದ ಹೊತ್ತಿಗೇ ಉಗಿ ಎಂಜಿನ್ ಹೋಗಿ ಡೀಸೆಲ್ ಬಂತು. ಆ ಹುಡುಗರು ಬೆಳೆದು ಬರೆದ ನೆನಪುಗಳು, ತೆಗೆದ ಫೋಟೊಗಳು, ಉಳಿಸಿಕೊಂಡ ರೈಲುಮಾರ್ಗಗಳು ಇಂದು ಆ ದೇಶದ ಸಂಸ್ಕೃತಿಯ ಒಂದು ದೊಡ್ಡ ಭಾಗವೇ ಆಗಿವೆ. ಇಷ್ಟೊಂದು ಹಂಬಲ ಎಲ್ಲಿಂದ ಬಂತು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಉಗಿಬಂಡಿ ಸುಂದರವಾಗಿತ್ತು, ಡೀಸೆಲ್ ನೀರಸ. ಈ ಉತ್ತರ ಸಾಲದು ಎಂಬುದು ನನ್ನ ವಾದ. ಆ ಹಂಬಲದ ಬೇರು ಉಗಿಗಿಂತ ಹೆಚ್ಚಾಗಿ ಆ ಪುಟ್ಟ ಪುಸ್ತಕದಲ್ಲಿದೆ.

ಪುಸ್ತಕ ಹುಟ್ಟಿದ್ದು ಯುದ್ಧದ ನಡುವೆ, 1942ರಲ್ಲಿ. ಸದರ್ನ್ ರೈಲ್ವೆ ಕಂಪನಿಯ ಪ್ರಚಾರ ವಿಭಾಗದಲ್ಲಿ ಇಯಾನ್ ಆಲನ್ ಎಂಬ ಇಪ್ಪತ್ತರ ಹರೆಯದ ಗುಮಾಸ್ತನಿದ್ದ. ಎಂಜಿನ್ನುಗಳ ಬಗ್ಗೆ ವಿವರ ಕೇಳಿ ಸಾರ್ವಜನಿಕರು ಬರೆಯುವ ಕಾಗದಗಳಿಗೆ ಉತ್ತರಿಸುವುದು ಅವನ ಪಾಲಿಗೆ ಬಿದ್ದ ಕೆಲಸ. ಕೇಳಿದವರಿಗೆಲ್ಲ ಒಂದೊಂದಾಗಿ ಬರೆಯುವ ಬದಲು ಎಲ್ಲವನ್ನೂ ಸೇರಿಸಿ ಒಂದು ಕಿರುಪುಸ್ತಕ ಮಾಡಿದರಾಗದೇ ಎಂದು ಮೇಲಿನವರನ್ನು ಕೇಳಿದ. ಅವರು ಆಸಕ್ತಿ ತೋರಲಿಲ್ಲ. ತಾನೇ ಅಚ್ಚು ಹಾಕಿಸಿ ಒಂದು ಶಿಲಿಂಗ್ ಬೆಲೆಗೆ ಮಾರಿದ, ಪ್ರತಿಗಳು ಬೇಗನೆ ಖಾಲಿಯಾದವು. ಮಿಕ್ಕ ಕಂಪನಿಗಳ ಎಂಜಿನ್ನುಗಳಿಗೂ ಪುಸ್ತಕಗಳು ಬಂದವು. ಎರಡು ವರ್ಷಗಳಲ್ಲಿ ಹುಡುಗರ ಹಿಂಡು ಎಷ್ಟು ದೊಡ್ಡದಾಯಿತೆಂದರೆ, 1944ರಲ್ಲಿ ಟ್ಯಾಮ್‌ವರ್ತ್‌ನಲ್ಲಿ ಹಳಿಯ ಮೇಲೆ ಅತಿಕ್ರಮವಾಗಿ ಇಳಿದ ಹುಡುಗರಿಂದ ರಗಳೆಯಾಗಿ, ಹುಡುಗರಿಗೆ ಶಿಸ್ತು ಕಲಿಸಲೆಂದೇ ಆಲನ್ ಒಂದು ಕ್ಲಬ್ ಕಟ್ಟಬೇಕಾಯಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸ್ಟಾಕ್‌ಟನ್–ಡಾರ್ಲಿಂಗ್ಟನ್ ಮಾರ್ಗದಲ್ಲಿ ಉಗಿಬಂಡಿ ಓಡಿದ್ದು 1825ರಲ್ಲಿ. ಅಂದಿನಿಂದ ನೂರಕ್ಕೂ ಹೆಚ್ಚು ವರ್ಷ ಹೊಗೆ, ಸಿಳ್ಳೆ, ಚಕ್ರ ಎಲ್ಲವೂ ಜನರ ಕಣ್ಣ ಮುಂದೆಯೇ ಇದ್ದವು. ಎಂಜಿನ್ ನೋಡಿ ಖುಷಿಪಡುವವರೂ ಇದ್ದರು, ನಂಬರು ಬರೆದುಕೊಳ್ಳುವ ಒಬ್ಬಿಬ್ಬರೂ ಇದ್ದರು. ಆದರೆ ಊರೂರಿನ ಮಕ್ಕಳೆಲ್ಲ ಪ್ಲಾಟ್‌ಫಾರಂ ತುದಿಗೆ ಓಡಿದ್ದು ಪಟ್ಟಿ ಕೈಗೆ ಬಂದ ಮೇಲೆ. ಸೌಂದರ್ಯವೊಂದೇ ಕಾರಣವಾಗಿದ್ದರೆ ಒಂದು ಶತಮಾನ ಕಾಯಬೇಕಿರಲಿಲ್ಲ.

ಪಟ್ಟಿ ಮಾಡಿದ ಕೆಲಸವೇನೆಂದರೆ, ಎಂಜಿನ್ ಎಂಬ ಜಾತಿಯನ್ನು ಒಂದೊಂದೇ ವ್ಯಕ್ತಿಯಾಗಿ ಒಡೆದು ತೋರಿಸಿದ್ದು. 1948ರ ಜನವರಿ 1ರಂದು ನಾಲ್ಕು ದೊಡ್ಡ ಕಂಪನಿಗಳು ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಆದಾಗ ಅದರ ಪಾಲಿಗೆ ಬಂದ ಉಗಿ ಎಂಜಿನ್ನುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಯಾವುದೂ ಇನ್ನೊಂದರ ನಂಬರಿಗೆ ಡಿಕ್ಕಿ ಹೊಡೆಯಬಾರದೆಂದು ದಕ್ಷಿಣದವಕ್ಕೆ 30000, ಎಲ್‌ಎಂಎಸ್ ಕಂಪನಿಯವಕ್ಕೆ 40000, ಪೂರ್ವದವಕ್ಕೆ 60000 ಸೇರಿಸಿ ಹೊಸ ನಂಬರು ಕೊಟ್ಟರು. ಗ್ರೇಟ್ ವೆಸ್ಟರ್ನ್ ಎಂಜಿನ್ನುಗಳ ನಂಬರು ಎರಕದ ಫಲಕದಲ್ಲಿದ್ದುದರಿಂದ ಅವನ್ನು ಹಾಗೇ ಬಿಟ್ಟರು. ಹೊಗೆಗೂಡಿನ ಬಾಗಿಲ ಮೇಲೆ ನಂಬರು, ಅದರ ಕೆಳಗೆ ಮೊಟ್ಟೆಯಾಕಾರದ ಪುಟ್ಟ ಫಲಕದಲ್ಲಿ ಶೆಡ್ಡಿನ ಗುರುತು. 34ಎ ಎಂದಿದ್ದರೆ ಲಂಡನ್ನಿನ ಕಿಂಗ್ಸ್ ಕ್ರಾಸ್, 64ಬಿ ಎಂದಿದ್ದರೆ ಎಡಿನ್‌ಬರೋದ ಹೇಮಾರ್ಕೆಟ್. ಬಂದಿರುವ ಎಂಜಿನ್ ಯಾವ ಊರಿನದು, ಮನೆಯಿಂದ ಎಷ್ಟು ದೂರ ಬಂದಿದೆ ಎಂಬುದನ್ನು ಹತ್ತು ವರ್ಷದ ಹುಡುಗ ಒಂದೇ ನೋಟಕ್ಕೆ ಹೇಳಬಲ್ಲವನಾಗಿದ್ದ. ಹೆಸರುಗಳಂತೂ ಒಂದು ಪ್ರತ್ಯೇಕ ಲೋಕ: ಹಕ್ಕಿಗಳು, ಕೋಟೆಗಳು, ರೇಸ್ ಕುದುರೆಗಳು. ‘ಜುಬಿಲಿ’ ವರ್ಗದ ಹಲವು ಎಂಜಿನ್ನುಗಳಿಗೆ ಸಾಮ್ರಾಜ್ಯದ ನಾಡುಗಳ ಹೆಸರಿಟ್ಟಿದ್ದರು. 45574 ಇಂಡಿಯಾ, 45575 ಮದ್ರಾಸ್, 45576 ಬಾಂಬೆ. ಒಂದು ಕಾಲಕ್ಕೆ ಮಂಗಳೂರು, ಬಳ್ಳಾರಿಗಳನ್ನೂ ಧಾರವಾಡ, ಬೆಳಗಾವಿಗಳನ್ನೂ ಹಂಚಿಕೊಂಡು ಆಳಿದ ಎರಡು ಪ್ರಾಂತ್ಯಗಳ ಹೆಸರು ಹೊತ್ತ ಎಂಜಿನ್ನುಗಳು ಬ್ರಿಟನ್ನಿನ ಗಿರಣಿ ಊರುಗಳ ನಡುವೆ ಓಡುತ್ತಿದ್ದವು. ಆ ಪ್ರಾಂತ್ಯಗಳೇ ಇಲ್ಲವಾದ ಮೇಲೂ ಯಾವುದೋ ಹುಡುಗ ಆ ಹೆಸರಿನ ಕೆಳಗೆ ಗೆರೆ ಎಳೆಯುತ್ತಿದ್ದ. ಪಟ್ಟಿಗೆ ಒಂದು ಕೊನೆಯಿತ್ತು ಎಂಬುದು ಎಲ್ಲಕ್ಕಿಂತ ಮುಖ್ಯ. ನೋಡಿದವು ಇಷ್ಟು, ಉಳಿದವು ಇಷ್ಟು ಎಂದು ಲೆಕ್ಕ ಹಾಕಬಹುದಾದ ಜಗತ್ತು ಅದು. ಒಂದು ವರ್ಗದ ಅಷ್ಟೂ ಎಂಜಿನ್ನುಗಳನ್ನು ಕಂಡು ಕೊನೆಯದೊಂದು ಮಾತ್ರ ಸಿಗದೆ ವರ್ಷಗಟ್ಟಲೆ ಕಾಯುವ ಸಂಕಟ, ಅದು ಸಿಕ್ಕಿದ ದಿನದ ಸಂತೋಷ, ಇವೆರಡೂ ಪಟ್ಟಿಯಿಲ್ಲದೆ ಸಾಧ್ಯವಿರಲಿಲ್ಲ.

ಡೀಸೆಲ್ ಬಂದದ್ದು ಈ ಲೆಕ್ಕದ ಜಗತ್ತಿಗೆ. 1955ರ ಜನವರಿಯಲ್ಲಿ ಪ್ರಕಟವಾದ ಆಧುನೀಕರಣ ಯೋಜನೆ 124 ಕೋಟಿ ಪೌಂಡುಗಳದು. ಅದಕ್ಕೆ ಕಾರಣಗಳು ಗಟ್ಟಿಯಾಗಿಯೇ ಇದ್ದವು. ಉಗಿ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನೂ ಕೆಲಸಕ್ಕೆ ಹಚ್ಚಲಾರದು. ಬೆಳಗಿನ ಗಾಡಿಗೆ ಹಿಂದಿನ ರಾತ್ರಿಯೇ ಬೆಂಕಿ ಹೊತ್ತಿಸಬೇಕು, ಸಂಜೆ ಬೂದಿ ಕೆರೆಯಬೇಕು, ಬಾಯ್ಲರ್ ತೊಳೆಯಬೇಕು. ಯುದ್ಧಾನಂತರ ಕಾರ್ಖಾನೆಗಳಲ್ಲಿ ಕೈತುಂಬ ಕೆಲಸವಿದ್ದಾಗ ಈ ಮಸಿಯ ಕೆಲಸಕ್ಕೆ ಯುವಕರು ಬರುತ್ತಿರಲಿಲ್ಲ. ಹೀಗಿದ್ದೂ ಅದೇ ರೈಲ್ವೆ 1951ರಿಂದ 1960ರವರೆಗೆ ತನ್ನದೇ ಮಾದರಿಯ 999 ಹೊಸ ಉಗಿ ಎಂಜಿನ್ನುಗಳನ್ನು ಕಟ್ಟಿತು. ಕೊನೆಯದು ಸ್ವಿಂಡನ್ ಕಾರ್ಖಾನೆಯಿಂದ 1960ರ ಮಾರ್ಚಿನಲ್ಲಿ ಹೊರಬಂದ 92220. ಅದು ಸರಕು ಎಳೆಯುವ ವರ್ಗಕ್ಕೆ ಸೇರಿದ್ದು. ಆ ವರ್ಗಕ್ಕೆ ಕಪ್ಪು ಬಣ್ಣ, ಹೆಸರಿಲ್ಲ. ಇದಕ್ಕೆ ಮಾತ್ರ ಹಸಿರು ಬಳಿದು, ಹೊಗೆಕೊಳವೆಗೆ ತಾಮ್ರದ ಅಂಚು ಕಟ್ಟಿ, ನೌಕರರ ಪತ್ರಿಕೆಯಲ್ಲಿ ಸ್ಪರ್ಧೆ ನಡೆಸಿ ‘ಈವ್ನಿಂಗ್ ಸ್ಟಾರ್’ ಎಂದು ಹೆಸರಿಟ್ಟರು. ಸಂಜೆಯ ನಕ್ಷತ್ರ. ಎಂಜಿನ್ ಇನ್ನೂ ಹೊಸದಿರುವಾಗಲೇ ಅದರ ಮೇಲೆ ಅಗಲಿಕೆಯ ಹೆಸರು ಕೂತಿತ್ತು. ದಶಕಗಟ್ಟಲೆ ಓಡಬೇಕಿದ್ದ ಅದನ್ನು ಐದೇ ವರ್ಷದಲ್ಲಿ, 1965ರಲ್ಲಿ ಸೇವೆಯಿಂದ ತೆಗೆದರು.

ನೆನಪು ಯಾವಾಗ ಹುಟ್ಟಿತು ಎಂಬ ಪ್ರಶ್ನೆಗೆ ಇಲ್ಲಿ ಒಂದು ಸುಳಿವಿದೆ. ಕಳೆದುಹೋದದ್ದನ್ನು ಬಹಳ ಕಾಲದ ನಂತರ ನೆನೆಯುವುದು ಸಾಮಾನ್ಯ ಕ್ರಮ. ಇಲ್ಲಿ ಹಾಗಾಗಲಿಲ್ಲ, ವಿದಾಯ ಮೊದಲೇ ಶುರುವಾಯಿತು, ವರ್ಷಗಟ್ಟಲೆ ನಡೆಯಿತು, ಮತ್ತು ಅದರ ಲೆಕ್ಕ ಹುಡುಗರ ಕೈಯಲ್ಲೇ ಇತ್ತು. ಪ್ರತಿ ಹೊಸ ಆವೃತ್ತಿಯಲ್ಲಿ ಉಗಿ ಎಂಜಿನ್ನುಗಳ ಪುಟಗಳು ತೆಳುವಾಗುತ್ತ, ‘ಡಿ’ ಅಕ್ಷರದಿಂದ ಶುರುವಾಗುವ ಡೀಸೆಲ್ ನಂಬರುಗಳ ಪುಟಗಳು ಹಿಗ್ಗುತ್ತ ಹೋದವು. ಗೆರೆ ಎಳೆಯದೆ ಉಳಿದ ನಂಬರೊಂದು ಇದ್ದಕ್ಕಿದ್ದಂತೆ ಪುಸ್ತಕದಿಂದಲೇ ಮಾಯವಾದರೆ ಅದನ್ನು ಇನ್ನೆಂದೂ ನೋಡಲಾಗದು ಎಂದರ್ಥ. ಪಶ್ಚಿಮ ವಲಯದಲ್ಲಿ 1965ರ ಕೊನೆಗೆ, ದಕ್ಷಿಣ ವಲಯದಲ್ಲಿ 1967ರ ಜುಲೈಗೆ ಉಗಿ ನಿಂತಿತು. ಕೊನೆಗೆ ಉಳಿದದ್ದು ಲ್ಯಾಂಕಶೈರಿನ ಕಾರ್ನ್‌ಫೋರ್ತ್, ಲಾಸ್ಟಕ್ ಹಾಲ್, ರೋಸ್ ಗ್ರೋವ್ ಎಂಬ ಮೂರು ಶೆಡ್ಡುಗಳು. 1968ರ ಆಗಸ್ಟ್ 11ರಂದು ಲಿವರ್‌ಪೂಲಿನಿಂದ ಕಾರ್ಲೈಲಿಗೆ ಹೋಗಿ ಮರಳಿದ ವಿಶೇಷ ರೈಲಿಗೆ ಹದಿನೈದು ಗಿನಿ ಟಿಕೆಟ್ಟಿತ್ತು. ಆಗಿನ ಕಾಲಕ್ಕೆ ಅದು ಬಲು ದುಬಾರಿ. ಟಿಕೆಟ್ ಕೊಳ್ಳಲಾಗದವರು ಸೇತುವೆ, ದಿಣ್ಣೆ, ಹೊಲದ ಅಂಚುಗಳಲ್ಲಿ ದಾರಿಯುದ್ದಕ್ಕೂ ನಿಂತಿದ್ದರು. ಮರುದಿನದಿಂದ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನಿಗೆ ನಿಷೇಧ. ಇಪ್ಪತ್ತು ಸಾವಿರ ಸೊನ್ನೆಯಾಗಲು ಇಪ್ಪತ್ತೇ ವರ್ಷ ಸಾಕಾಯಿತು.

ಉಗಿಯ ಸೊಬಗನ್ನು ನಾನು ಕಡೆಗಣಿಸುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಉಗಿ ಎಂಜಿನ್ ತನ್ನ ಕೆಲಸವನ್ನು ಮುಚ್ಚಿಡುವುದಿಲ್ಲ. ಸಿಲಿಂಡರಿನಿಂದ ಚಕ್ರಕ್ಕೆ ಹೋಗುವ ಉಕ್ಕಿನ ತೋಳುಗಳು ಹಿಂದೆಮುಂದೆ ಚಲಿಸುವುದು ಹೊರಗೇ ಕಾಣುತ್ತದೆ, ಏರಿನಲ್ಲಿ ಅದು ಪಡುವ ಶ್ರಮ ಕಿವಿಗೇ ಕೇಳುತ್ತದೆ. ಆ ಸದ್ದನ್ನು ಎಂದೂ ಕೇಳಿರದ ನಮ್ಮ ಮಕ್ಕಳೂ ರೈಲಾಟ ಆಡುವಾಗ ‘ಚುಕುಬುಕು’ ಎನ್ನುತ್ತಾರೆಯೇ ಹೊರತು ಡೀಸೆಲ್ಲಿನ ಗುರುಗುಟ್ಟುವಿಕೆಯನ್ನು ಅನುಕರಿಸುವುದಿಲ್ಲ. ಇದನ್ನು ಒಪ್ಪಿಕೊಂಡೇ ಇನ್ನೊಂದು ಸಾಕ್ಷ್ಯ ಮುಂದಿಡುತ್ತೇನೆ. ಲಂಡನ್–ಎಡಿನ್‌ಬರೋ ಮಾರ್ಗದಲ್ಲಿ 55 ಉಗಿ ಎಂಜಿನ್ನುಗಳ ಜಾಗಕ್ಕೆ 1961–62ರಲ್ಲಿ ಬಂದದ್ದು ‘ಡೆಲ್ಟಿಕ್’ ಎಂಬ ಬರೀ 22 ಡೀಸೆಲ್ ಎಂಜಿನ್ನುಗಳು; ಒಂದೊಂದಕ್ಕೆ 3,300 ಅಶ್ವಶಕ್ತಿ. ಉಗಿಪ್ರಿಯರ ಪಾಲಿಗೆ ಅವು ಮನೆಹಾಳು ಯಂತ್ರಗಳು. ಅವಕ್ಕೂ ನಂಬರಿತ್ತು, ರೇಸ್ ಕುದುರೆಗಳ ಮತ್ತು ಸೇನೆಯ ರೆಜಿಮೆಂಟುಗಳ ಹೆಸರಿತ್ತು, ಪಟ್ಟಿ ಚಿಕ್ಕದಾಗಿ ಚೊಕ್ಕವಾಗಿತ್ತು. ಇಪ್ಪತ್ತು ವರ್ಷದ ನಂತರ, 1982ರ ಜನವರಿ 2ರಂದು ಅವುಗಳ ವಿದಾಯದ ರೈಲು ಕಿಂಗ್ಸ್ ಕ್ರಾಸ್‌ಗೆ ಮರಳಿದಾಗ ಪ್ಲಾಟ್‌ಫಾರಮ್ಮಿನಲ್ಲಿ ಜನ ಕಿಕ್ಕಿರಿದಿದ್ದರು. 22ರಲ್ಲಿ ಆರನ್ನು ಉಳಿಸಿಕೊಳ್ಳಲಾಯಿತು. ನೀರಸ ಎನಿಸಿಕೊಂಡ ಡೀಸೆಲ್ಲಿಗೂ ಕಣ್ಣೀರು ಬಂತೆಂದರೆ, ಹಂಬಲಕ್ಕೆ ಉಗಿಯೇ ಬೇಕಿಲ್ಲ. ಪಟ್ಟಿ ಮತ್ತು ಪಟ್ಟಿಯ ಕೊನೆ ಸಾಕು.

ಇನ್ನೂ ಗಂಭೀರವಾದ ತಕರಾರು ಎಂಜಿನ್ನಿನ ಮೇಲೆ ದುಡಿದವರ ಕಡೆಯಿಂದ ಬರುತ್ತದೆ. ಒಂದೇ ಪಯಣದಲ್ಲಿ ಟನ್ನುಗಟ್ಟಲೆ ಕಲ್ಲಿದ್ದಲನ್ನು ಸಲಿಕೆಯಿಂದ ಎತ್ತಿ ಹಾಕಿದ ಫೈರ್‌ಮನ್ನಿಗೆ, ಚಳಿಯ ರಾತ್ರಿ ಬೂದಿಗುಂಡಿಗೆ ಇಳಿದವನಿಗೆ, ಶೆಡ್ಡಿನ ಪಕ್ಕದ ಬೀದಿಯಲ್ಲಿ ಬಟ್ಟೆ ಒಣಗಹಾಕಿದ ಗೃಹಿಣಿಗೆ ಇದರಲ್ಲಿ ಹಂಬಲಿಸುವಂಥದ್ದೇನಿತ್ತು? ಡೀಸೆಲ್ಲಿನ ಮುಚ್ಚಿದ ಕೋಣೆಯಲ್ಲಿ ಕೂತು ಕೆಲಸ ಮಾಡಲು ಸಿಕ್ಕಿದ್ದನ್ನು ವರವೆಂದೇ ತಿಳಿದವರು ಬಹಳ. 1952ರ ಲಂಡನ್ನಿನ ಮಾರಕ ಹೊಗೆಮಂಜು, ಅದರ ಬೆನ್ನಲ್ಲೇ ಬಂದ 1956ರ ಶುದ್ಧ ಗಾಳಿ ಕಾಯಿದೆಗಳನ್ನು ನೆನೆದರೆ ಕಲ್ಲಿದ್ದಲ ಹೊಗೆಯನ್ನು ಹಾಡಿ ಹೊಗಳುವುದು ಸರಿಯೆನಿಸುವುದಿಲ್ಲ. ಈ ತಕರಾರನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ನನ್ನ ವಾದವನ್ನು ಬಲಪಡಿಸುತ್ತದೆ ಕೂಡ. ಉಗಿಯನ್ನು ಹತ್ತಿರದಿಂದ ಬಲ್ಲವರಿಗಿಂತ ಪ್ಲಾಟ್‌ಫಾರಮ್ಮಿನಲ್ಲಿ ಪುಸ್ತಕ ಹಿಡಿದು ನಿಂತವರಿಗೇ ಹಂಬಲ ಹೆಚ್ಚಾಯಿತು ಏಕೆ? ಅವರ ನಂಟು ಇದ್ದದ್ದು ಬೆಂಕಿಯ ಜೊತೆಗಲ್ಲ, ಒಂದೊಂದು ಎಂಜಿನ್ನಿನ ಗುರುತಿನ ಜೊತೆಗೆ.

ಭಾರತದ ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಉಗಿಯ ಆಯುಷ್ಯ ಇನ್ನೂ ದೀರ್ಘ. ಬ್ರಾಡ್‌ಗೇಜ್‌ನಲ್ಲಿ 1995ರವರೆಗೂ ಓಡಿತು. ಚಿತ್ತರಂಜನ್ ಕಾರ್ಖಾನೆ 1970ರಲ್ಲಿ ತಯಾರಿಸಿದ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನಿಗೂ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟಿದ್ದರು. ಮೈಸೂರಿನಲ್ಲಿ 1979ರಲ್ಲೇ ರೈಲು ವಸ್ತುಸಂಗ್ರಹಾಲಯ ತೆರೆಯಿತು. ಆದರೆ ಶಾಲಾ ಹುಡುಗರ ಕೈಗೆ ಎಂಜಿನ್ ನಂಬರುಗಳ ಅಗ್ಗದ ಪಟ್ಟಿ ಬರಲಿಲ್ಲ, ನಿಲ್ದಾಣದಲ್ಲಿ ಫೋಟೊ ತೆಗೆಯಬೇಕೆಂದರೆ ಅನುಮತಿ ಬೇಕಿತ್ತು. ನಮ್ಮ ಉಗಿಬಂಡಿಯ ನೆನಪುಗಳಲ್ಲಿ ನಂಬರಿಲ್ಲ. ಅಲ್ಲಿರುವುದು ಕಿಟಕಿಯಿಂದ ಕಣ್ಣಿಗೆ ಬಿದ್ದ ಇದ್ದಿಲ ಪುಡಿ, ಬಿಳಿ ಅಂಗಿಯ ಮೇಲಿನ ಮಸಿ, ಬೇಸಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದ ಪಯಣ. ಅದೂ ಸಿಹಿಯಾದ ನೆನಪೇ, ಆದರೆ ಪ್ರಯಾಣಿಕನ ನೆನಪು. ಒಂದು ನಿರ್ದಿಷ್ಟ ಎಂಜಿನ್ ಏನಾಯಿತು, ಈಗ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವ ಹಟ ಅದರಲ್ಲಿಲ್ಲ.

ಆ ಹಟ ಬ್ರಿಟನ್ನಿನಲ್ಲಿ ಏನು ಮಾಡಿತೆಂಬುದಕ್ಕೆ ವೇಲ್ಸಿನ ಬ್ಯಾರಿ ಎಂಬ ಬಂದರು ಊರು ಸಾಕ್ಷಿ. ಅಲ್ಲಿನ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್ ಒಡೆಯಲೆಂದು 297 ಉಗಿ ಎಂಜಿನ್ನುಗಳನ್ನು ಕೊಂಡಿದ್ದರು. ಸರಕು ವ್ಯಾಗನ್ನುಗಳನ್ನು ಒಡೆಯುವುದು ಸುಲಭವಾದ್ದರಿಂದ ಅದನ್ನೇ ಮೊದಲು ಮಾಡಿಸಿದರು. ಎಂಜಿನ್ನುಗಳು ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತ ವರ್ಷಗಟ್ಟಲೆ ಸಾಲಾಗಿ ನಿಂತವು. ಒಂದು ಕಾಲದ ಹುಡುಗರು ಈಗ ಸಂಬಳ ತರುವ ಗಂಡಸರಾಗಿದ್ದರು. ಗುಂಪು ಕಟ್ಟಿ, ಚಂದಾ ಎತ್ತಿ, ಇದೇ ನಂಬರಿನ ಎಂಜಿನ್ ಬೇಕೆಂದು ಬಂದು ಕೇಳಿ 213 ಎಂಜಿನ್ನುಗಳನ್ನು ಆ ಅಂಗಳದಿಂದ ಬಿಡಿಸಿಕೊಂಡು ಹೋದರು. ಗೆರೆ ಎಳೆಯುವ ಕೈಗಳೇ ಬಾಯ್ಲರಿನ ತುಕ್ಕು ಕೆರೆದವು.

ಉಳಿಯದೇ ಹೋದವೂ ಇದ್ದವು. ಪೂರ್ವದ ಮಾರ್ಗಕ್ಕೆಂದು 1948–49ರಲ್ಲಿ ಕಟ್ಟಿದ ಎ1 ವರ್ಗದ 49 ಎಂಜಿನ್ನುಗಳಲ್ಲಿ ಒಂದೂ ಮಿಗಲಿಲ್ಲ. 1966ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೋಗಿದ್ದವು. 1990ರಲ್ಲಿ ಕೆಲವರು ಸೇರಿ ಅದೇ ನಕ್ಷೆಗಳಿಂದ ಹೊಸದೊಂದನ್ನು ಕಟ್ಟಲು ನಿರ್ಧರಿಸಿದರು. ಅಷ್ಟು ದೊಡ್ಡ ಬಾಯ್ಲರನ್ನು ಜರ್ಮನಿಯ ಮೈನಿಂಗನ್‌ನಲ್ಲಿ ಮಾಡಿಸಬೇಕಾಯಿತು. ಹದಿನೆಂಟು ವರ್ಷದ ನಂತರ, 2008ರಲ್ಲಿ, ಡಾರ್ಲಿಂಗ್ಟನ್ನಿನಲ್ಲಿ ಅದಕ್ಕೆ ಬೆಂಕಿ ಹಾಕಿದರು; ‘ಟೊರ್ನಾಡೊ’ ಎಂದು ಹೆಸರಿಟ್ಟರು. ಹಳೆಯ ಪುಸ್ತಕದಲ್ಲಿ ಎ1 ವರ್ಗದ ಪಟ್ಟಿ 60114ರಿಂದ ಶುರುವಾಗಿ 60162ಕ್ಕೆ ನಿಲ್ಲುತ್ತದೆ. ಹೊಸ ಎಂಜಿನ್ನಿನ ಹೊಗೆಗೂಡಿನ ಬಾಗಿಲ ಮೇಲೆ ಬಿಗಿದ ಫಲಕದಲ್ಲಿರುವ ನಂಬರು 60163.